ಮೂರನೇ ದಿನ ಗುದ್ದಲಿ: ಹಾಸನ, ಚಿಕ್ಕಮಗಳೂರಿನಿಂದ ಹೊರದೇಶಕ್ಕೆ ಮಿಷನರಿಯಾಗಿ ಹೊರಡುವ ಯುವಜನರಿಗೆ ಸಮಗ್ರ ಮಾರ್ಗದರ್ಶಿ

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹುಡುಗರು ನನ್ನನ್ನು ಸುತ್ತುವರಿದು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಕೀನ್ಯಾದಲ್ಲಿ ದಿನಾ ಏನ್ ಮಾಡ್ತಿದ್ರಿ?" ದಿನವೂ ಉಪದೇಶ ಮಾಡುತ್ತಿದ್ದೆ ಎಂಬ ಉತ್ತರ ಬರುತ್ತದೆಂದು ಅವರು ಕಾಯುತ್ತಾರೆ. ಎರಡು ವರ್ಷದಲ್ಲಿ ನಾನು ಜನರ ಮುಂದೆ ನಿಂತು ಮಾತಾಡಿದ್ದು ಬೆರಳೆಣಿಕೆಯಷ್ಟು ಸಲ. ಮಿಕ್ಕ ದಿನಗಳೆಲ್ಲ ಹೋದದ್ದು ನೀರು ಹೊರುವುದರಲ್ಲಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದರಲ್ಲಿ, ಅಲ್ಲಿನ ಚರ್ಚಿನ ಧರ್ಮಬೋಧಕರಾದ ಉಪದೇಶಿಯ ಹಿಂದೆ ಕಾಯಿಲೆಯವರ ಮನೆಗೆ ನಡೆಯುವುದರಲ್ಲಿ, ತಪ್ಪು ತಪ್ಪಾಗಿ ಸ್ವಾಹಿಲಿ ಮಾತಾಡಿ ತಿದ್ದಿಸಿಕೊಳ್ಳುವುದರಲ್ಲಿ. ಆ ಕೆಲಸಗಳೇ ನನ್ನನ್ನು ಕಳಿಸಿದ ಕೆಲಸ ಎಂದು ಅರ್ಥವಾಗಲು ನನಗೆ ಏಳೆಂಟು ತಿಂಗಳು ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಸ್ವಾಹಿಲಿಯಲ್ಲಿ ಒಂದು ಗಾದೆಯಿದೆ: ನೆಂಟ ಎರಡು ದಿನ, ಮೂರನೇ ದಿನ ಕೈಗೆ ಗುದ್ದಲಿ ಕೊಡು. ಮೊದಲ ವಾರದಲ್ಲೇ ಉಪದೇಶಿ ಇದನ್ನು ನನಗೆ ಹೇಳಿದರು. ಮರುದಿನ ನಿಜವಾಗಿಯೂ ಗುದ್ದಲಿ ಕೊಟ್ಟರು, ಅವರ ಮುಸುಕಿನ ಜೋಳದ ಹೊಲದಲ್ಲಿ ಕಳೆ ತೆಗೆದೆವು. ಈ ಬರಹದಲ್ಲಿ ಹೇಳುವುದೆಲ್ಲ ಆ ಗಾದೆಯ ವಿವರಣೆಯೇ.

ನಾನು ಹೋಗಿದ್ದು ಕೀನ್ಯಾದ ನ್ಯೇರಿ ಕಡೆಯ ಒಂದು ಗುಡ್ಡಗಾಡಿನ ಧರ್ಮಕೇಂದ್ರಕ್ಕೆ (ಪ್ಯಾರಿಷ್), ಪಾದ್ರಿಯಾಗಿ ಅಲ್ಲ, ಶ್ರೀಸಾಮಾನ್ಯ ವಿಶ್ವಾಸಿಯಾಗಿ, 26ನೇ ವಯಸ್ಸಿನಲ್ಲಿ. ನೀವು ಬೇರೆ ದೇಶಕ್ಕೆ, ಬೇರೆ ಸಭೆಯ ಮೂಲಕ ಹೋಗುವವರಾದರೆ ಕಾಗದಪತ್ರದ ಸಂಗತಿ ಬದಲಾಗುತ್ತದೆ. ದಿನದ ಬದುಕು ಅಷ್ಟೇನೂ ಬದಲಾಗುವುದಿಲ್ಲ.

ಹೊರಡುವ ಮುನ್ನ ಒಮ್ಮೆ ಶೆಟ್ಟಿಹಳ್ಳಿಗೆ ಹೋಗಿ ಬನ್ನಿ

ಇದು ಮೊದಲ ಹೆಜ್ಜೆ, ಪಾಸ್‌ಪೋರ್ಟಿಗಿಂತ ಮೊದಲು. ಹಾಸನದ ಹತ್ತಿರ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವ ಆ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಗೊರೂರಿನ ಅಣೆಕಟ್ಟಿನಿಂದಾಗಿ ಊರು ಖಾಲಿಯಾಯಿತು, ಗೋಡೆಗಳು ಉಳಿದವು. ನನ್ನ ಅಜ್ಜಿಗೆ ಸ್ನಾನದೀಕ್ಷೆ ಆಗಿದ್ದು ಅಲ್ಲೇ. ಇವತ್ತು ಅದು ಫೋಟೊ ತೆಗೆಸಿಕೊಳ್ಳುವ ಜಾಗ. ನೀವು ಬೇಸಿಗೆಯಲ್ಲಿ, ನೀರು ಇಳಿದಾಗ ಹೋಗಿ, ಒಂದು ಗಂಟೆ ಸುಮ್ಮನೆ ಕೂತು ಯೋಚಿಸಿ: ಸಮುದ್ರ ದಾಟಿ ಬಂದ ಆ ಯುವಕರು ನಮ್ಮ ಅಜ್ಜಂದಿರ ಮನೆಯಲ್ಲಿ ಏನು ತಿಂದಿರಬಹುದು? ಯಾರ ಬಾಯಿಂದ ಕನ್ನಡ ಕಲಿತಿರಬಹುದು? ಜ್ವರ ಬಂದಾಗ ಅವರಿಗೆ ಗಂಜಿ ಕಾಯಿಸಿ ಕೊಟ್ಟವರು ಯಾರು?

ಅವರಿಗಿಂತ ಮುಂಚೆ ಹಾಸನದ ಪಕ್ಕದ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾ ಅವರ ಬದುಕನ್ನೂ ತಿಳಿದುಕೊಳ್ಳಿ. 1792ರಲ್ಲಿ ಇಂಡಿಯಾಕ್ಕೆ ಬಂದರು, 1823ರಲ್ಲಿ ಫ್ರಾನ್ಸಿಗೆ ಮರಳಿದರು. ನಮ್ಮವರಂತೆಯೇ ಬಟ್ಟೆ ಉಟ್ಟರು, ಮಾಂಸ ಬಿಟ್ಟರು, ಸಿಡುಬು ತಡೆಯಲು ದಾಕು ಹಾಕಿಸುವ ಕೆಲಸಕ್ಕೆ ಓಡಾಡಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಆದರೂ ಹೋಗುವಾಗ ಅವರ ಮನಸ್ಸಿನಲ್ಲಿ ನಿರಾಶೆಯೇ ತುಂಬಿತ್ತು, ತಮ್ಮ ಧರ್ಮಪ್ರಚಾರ ಫಲಿಸಲಿಲ್ಲ ಎಂದೇ ಬರೆದರು. ನಾವೋ ಇನ್ನೂ ಅವರ ಮಾತಾಡುತ್ತಿದ್ದೇವೆ. ಅಲ್ಲಿ ನಿಮಗೂ ಎಲ್ಲ ವ್ಯರ್ಥ ಅನ್ನಿಸುವ ಒಂದು ವಾರ ಬಂದೇ ಬರುತ್ತದೆ. ಆ ವಾರಕ್ಕೆ ಇದು ನೆನಪಿರಲಿ.

ನಮಗೆ ಒಂದು ಅನುಕೂಲವಿದೆ. ನಾವು ಮಿಷನರಿಯನ್ನು ಬರಮಾಡಿಕೊಂಡವರ ಮೊಮ್ಮಕ್ಕಳು. ಅನ್ನ ಹಾಕಿದ ಕಡೆಯಿಂದ ಮಿಷನರಿ ಹೇಗೆ ಕಾಣುತ್ತಾನೆಂಬುದು ನಮ್ಮ ಮನೆಯ ಹಿರಿಯರಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ಕೇಳಿ. ಯಾವ ಸ್ವಾಮಿಯೋರನ್ನು ಯಾಕೆ ನೆನೆಯುತ್ತೀರಿ ಎಂದು ನಾನು ಅಜ್ಜಿಯನ್ನು ಕೇಳಿದೆ. ಯಾವ ಉಪದೇಶವೂ ಅಜ್ಜಿಗೆ ನೆನಪಿರಲಿಲ್ಲ. "ಮಳೇಲಿ ನೆನ್ಕೊಂಡು ಬಂದು ಒಲೆ ಮುಂದೆ ಕೂತು ರೊಟ್ಟಿ ತಿಂದು ಹೋದ್ರು" ಅಂದಳು.

ಯಾರು ಕಳಿಸುತ್ತಾರೆ, ಯಾರು ಕರೆಯುತ್ತಾರೆ

ಒಬ್ಬೊಬ್ಬರೇ ಹೊರಡಬೇಡಿ. ಇದರಲ್ಲಿ ನನ್ನದು ಖಡಾಖಂಡಿತ ಮಾತು. ಎರಡು ಕೈಗಳು ಬೇಕು: ಇಲ್ಲಿಂದ ಕಳಿಸುವ ಒಂದು ಸಂಸ್ಥೆ, ಅಲ್ಲಿಂದ ಲಿಖಿತವಾಗಿ ಕರೆಯುವ ಒಂದು ಧರ್ಮಪ್ರಾಂತ್ಯ (ಡಯೋಸಿಸ್) ಅಥವಾ ಸಭೆ. ಅಂತರ್ಜಾಲದಲ್ಲಿ "ಮಿಷನ್ ಟ್ರಿಪ್" ಎಂದು ದುಡ್ಡು ಕಟ್ಟಿಸಿಕೊಳ್ಳುವವರಿದ್ದಾರೆ. ಅಂಥವರ ಬಳಿ ಮೂರು ವಿಷಯ ಕೇಳಿ: ಅಲ್ಲಿ ನನ್ನ ಮೇಲೆ ಯಾರಿದ್ದಾರೆ, ಕಾಯಿಲೆಯಾದರೆ ಖರ್ಚು ಯಾರದು, ಅರ್ಧದಲ್ಲಿ ವಾಪಸ್ ಬರಬೇಕಾದರೆ ಟಿಕೆಟ್ ಯಾರು ಕೊಡುತ್ತಾರೆ. ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಬಾರದಿದ್ದರೆ ಬಿಟ್ಟುಬಿಡಿ.

ಮೊದಲು ನಿಮ್ಮ ಧರ್ಮಕೇಂದ್ರದ ಫಾದರ್ ಬಳಿ ಮಾತಾಡಿ. 1963ರಲ್ಲಿ ಶುರುವಾದ ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಹಾಸನವೂ ಸೇರುತ್ತದೆ. ಇಲ್ಲಿಂದ ಹೊರಟು ಆಫ್ರಿಕಾದಲ್ಲಿ ಕೆಲಸ ಮಾಡಿದ ಸಿಸ್ಟರುಗಳು ನಮ್ಮ ಮಧ್ಯೆಯೇ ಇದ್ದಾರೆ. ಒಬ್ಬರ ಜೊತೆ ಒಂದು ಮಧ್ಯಾಹ್ನ ಕಳೆಯಿರಿ, ಯಾವ ತರಬೇತಿಯಲ್ಲೂ ಸಿಗದ್ದು ಸಿಗುತ್ತದೆ. ನಿಮ್ಮ ಫಾದರ್ ಒಂದು ವರ್ಷ ಕಾಯಲು ಹೇಳಿದರೆ ಕಾಯಿರಿ. ಆ ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಯನ್ನೋ, ಎಸ್ಟೇಟಿನ ಲೈನ್ ಮನೆಗಳ ಮಕ್ಕಳಿಗೆ ಪಾಠವನ್ನೋ ಮಾಡಿ ನೋಡಿ. ಮೂಡಿಗೆರೆಯ ಲೈನ್ ಮನೆಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯಲು ಹಿಂಜರಿಯುವವರು ನ್ಯೇರಿಯಲ್ಲಿ ಹೇಗೆ ಬದುಕುತ್ತಾರೆ?

ಕಾಗದಪತ್ರ

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸ್ನಾನದೀಕ್ಷೆಯ ಪತ್ರ ಈ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರುವಂತೆ ಮೊದಲೇ ಸರಿಮಾಡಿಸಿ. ನಮ್ಮಲ್ಲಿ ಚರ್ಚಿನ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಇರುವುದು ಮಾಮೂಲಿ, ತೊಡಕು ಬರುವುದು ಅಲ್ಲೇ. ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೂ ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ಅರ್ಜಿ ಹಾಕಬಹುದು.

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಮುಂಗಡವಾಗಿ ಪಡೆಯುವ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿಯನ್ನು ತಂದಿದೆ. ಅದು ಭೇಟಿಗೆ ಮಾತ್ರ. ಅದನ್ನು ಹಿಡಿದು ಹೋಗಿ ಕೆಲಸ ಮಾಡುತ್ತಾ ಉಳಿಯುವುದು ಕಾನೂನು ಮುರಿದಂತೆ. ಧಾರ್ಮಿಕ ಮತ್ತು ಸೇವಾ ಕೆಲಸಕ್ಕೆಂದೇ "ಐ" ವರ್ಗದ ಪರವಾನಗಿ ಇದೆ, ಅದಕ್ಕೆ ಕರೆಸಿಕೊಳ್ಳುವ ಸಭೆಯೇ ಅರ್ಜಿ ಹಾಕಬೇಕು. ಅದು ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ. ಸುವಾರ್ತೆ ಸಾರಲು ಹೋಗುವವರು ಸುಳ್ಳು ಕಾರಣ ಬರೆದು ಗಡಿ ದಾಟಬಾರದು.

ಹಳದಿ ಜ್ವರದ ಚುಚ್ಚುಮದ್ದು ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ನಮ್ಮ ಕಡೆಯವರು ಬೆಂಗಳೂರಿಗೆ ಹೋಗಬಹುದು. ಹಾಕಿಸಿದ 10 ದಿನದ ನಂತರವೇ ಆ ಪ್ರಮಾಣಪತ್ರ ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು ಮೊದಲೇ ವೈದ್ಯರಿಗೆ ಹೇಳಬೇಕು. ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಡಿ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದನ್ನು ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಟೈಫಾಯಿಡ್, ಹೆಪಟೈಟಿಸ್, ಧನುರ್ವಾಯು ಚುಚ್ಚುಮದ್ದುಗಳನ್ನೂ ಜೊತೆಗೇ ವಿಚಾರಿಸಿ. ಹಲ್ಲು ನೋವಿದ್ದರೆ ಇಲ್ಲೇ ತೋರಿಸಿಕೊಂಡು ಹೋಗಿ.

ಪೆಟ್ಟಿಗೆ

ಆಫ್ರಿಕಾ ಅಂದರೆ ಬಿಸಿಲು ಎಂದುಕೊಂಡು ತೆಳು ಬಟ್ಟೆ ತುಂಬಿಕೊಳ್ಳಬೇಡಿ. ನ್ಯೇರಿ ಪಟ್ಟಣ ಇರುವುದು ಸುಮಾರು 1,750 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಕೈ ಮರಗಟ್ಟುತ್ತದೆ. ದಪ್ಪ ಸ್ವೆಟರ್, ಕೆಸರಿಗೆ ಗಂಬೂಟು, ಮುಚ್ಚಿದ ಷೂ ಬೇಕು. ಭಾನುವಾರಕ್ಕೆ ಒಂದು ಒಳ್ಳೆಯ ಇಸ್ತ್ರಿ ಬಟ್ಟೆ ಇರಲೇಬೇಕು. ಅಲ್ಲಿನ ಬಡವರೂ ಚರ್ಚಿಗೆ ಬರುವುದು ಹೊಳೆಯುವ ಷೂ ಹಾಕಿಕೊಂಡು. ಸೇವೆಗೆ ಬಂದವನೆಂದು ನೀವು ಸುಕ್ಕಾದ ಟೀ ಶರ್ಟಿನಲ್ಲಿ ನಿಂತರೆ ಅವರಿಗೆ ಅದು ಸರಳತೆಯಾಗಿ ಕಾಣುವುದಿಲ್ಲ, ತಮಗೆ ಮರ್ಯಾದೆ ಕೊಡಲಿಲ್ಲ ಅನ್ನಿಸುತ್ತದೆ.

ಪ್ಲಾಸ್ಟಿಕ್ ಕವರಿನಲ್ಲಿ ಏನನ್ನೂ ಕಟ್ಟಬೇಡಿ. 2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಶಿಕ್ಷೆಯೂ ಭಾರಿ. ಅಜ್ಜಿ ಹೊಲಿದುಕೊಟ್ಟ ಬಟ್ಟೆ ಚೀಲಗಳಲ್ಲಿ ನಾನು ಸಾರಿನ ಪುಡಿ ಒಯ್ದೆ. ಕರೆಂಟಿನ ಪ್ಲಗ್ಗಿಗೆ ಅಲ್ಲಿ ಮೂರು ಚಪ್ಪಟೆ ಕಡ್ಡಿ, ನಮ್ಮ ಚಾರ್ಜರ್ ಕೂರುವುದಿಲ್ಲ. ಕನ್ನಡ ಬೈಬಲ್ಲು, ಜಪಸರ, ನಿಮ್ಮ ಊರಿನ, ಮನೆಯವರ ಹತ್ತಿಪ್ಪತ್ತು ಮುದ್ರಿತ ಫೋಟೊ ತೆಗೆದುಕೊಳ್ಳಿ. ಫೋಟೊ ಇಟ್ಟುಕೊಂಡು ಎಷ್ಟೋ ಮನೆಗಳಲ್ಲಿ ಮಾತು ಶುರುವಾಯಿತು. "ಇದು ನಮ್ಮವ್ವ, ಇದು ನಮ್ಮ ಎಮ್ಮೆ" ಎಂದರೆ ಸಾಕು.

ಮೊದಲ ತಿಂಗಳು: ಮನೆ ಮನೆ ಸುತ್ತಿ

ಏನನ್ನೂ ಶುರುಮಾಡಬೇಡಿ. ಹೊಸ ತರಗತಿ, ಹೊಸ ಗಾನವೃಂದ, ಹೊಸ ಯೋಜನೆ ಯಾವುದೂ ಬೇಡ. ಉಪದೇಶಿ ಹೋದಲ್ಲಿಗೆ ಹೋಗಿ, ಅವರು ಕೂತಲ್ಲಿ ಕೂರಿ.

ಮನೆಯ ಮುಂದೆ ನಿಂತು "ಹೋದಿ" ಎಂದು ಕೂಗಬೇಕು, ಒಳಗಿನಿಂದ "ಕರಿಬು" ಎಂದ ಮೇಲೆಯೇ ಒಳಗೆ ಕಾಲಿಡಬೇಕು. ಎಲ್ಲರಿಗೂ ಕೈ ಕೊಡಬೇಕು, ಮಗುವಿನಿಂದ ಅಜ್ಜನವರೆಗೆ. ಹಿರಿಯರಿಗೆ ಕೊಡುವಾಗ ಎಡಗೈಯಿಂದ ಬಲತೋಳನ್ನು ಹಿಡಿದುಕೊಂಡರೆ ಅದು ಗೌರವ. ಕಥೋಲಿಕರಲ್ಲಿ "ತುಮ್ಸಿಫು ಯೇಸು ಕ್ರಿಸ್ತು", ಯೇಸುಕ್ರಿಸ್ತರನ್ನು ಸ್ತುತಿಸೋಣ, ಎಂದರೆ "ಮಿಲೆಲೆ ನಾ ಮಿಲೆಲೆ, ಆಮಿನಾ" ಎಂಬ ಉತ್ತರ ಬರುತ್ತದೆ. ಆಮೇಲೆ ಕುಶಲ ಕೇಳುವುದು: ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಮಳೆ ಹೇಗಿದೆ. ನೇರ ವಿಷಯಕ್ಕೆ ಬಂದರೆ ಒರಟು. ನಮ್ಮ ಹಳ್ಳಿಯಲ್ಲೂ "ಮಳೆ ಬೆಳೆ ಹೆಂಗೈತೆ" ಕೇಳದೆ ಯಾರೂ ಸಾಲ ಕೇಳುವುದಿಲ್ಲವಲ್ಲ. ತಾಯಂದಿರನ್ನು ಹಿರಿ ಮಗುವಿನ ಹೆಸರಿಗೆ "ಮಾಮಾ" ಸೇರಿಸಿ ಕರೆಯುತ್ತಾರೆ, ನಮ್ಮಲ್ಲಿ ಪುಟ್ಟನ ಅವ್ವ ಅಂದಂತೆ. ಆ ಮಕ್ಕಳ ಹೆಸರನ್ನು ಬರೆದಿಟ್ಟುಕೊಂಡು ಬಾಯಿಪಾಠ ಮಾಡಿ.

ಇನ್ನೊಂದು ವಿಷಯ ನಮಗೇ ವಿಶೇಷ. ಅಲ್ಲಿನವರ ಕಣ್ಣಿಗೆ ನಾವು "ಮುಹಿಂಡಿ", ಇಂಡಿಯಾದವರು. 1896ರಿಂದ 1901ರವರೆಗೆ ಮೊಂಬಾಸಾದಿಂದ ರೈಲು ಹಾದಿ ಹಾಕಲು ಬ್ರಿಟಿಷರು ಸುಮಾರು 32,000 ಇಂಡಿಯನ್ ಕೂಲಿಗಳನ್ನು ಒಯ್ದರು, ಸಾವಿರಾರು ಜನ ಸತ್ತರು. ಅಲ್ಲೇ ಉಳಿದವರಲ್ಲೂ ಅವರ ಬೆನ್ನಿಗೇ ಇಲ್ಲಿಂದ ಹೋದವರಲ್ಲೂ ಅನೇಕರು ಅಂಗಡಿ ಇಟ್ಟರು. ಹಾಗಾಗಿ ಮುಹಿಂಡಿ ಅಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಯಜಮಾನ ಎಂಬ ಚಿತ್ರ ಹಳ್ಳಿಗಳಲ್ಲಿ ಇನ್ನೂ ಇದೆ. ನಾನು ಚರ್ಚಿನಲ್ಲಿ ಮೊಣಕಾಲೂರಿದ್ದನ್ನು ಕಂಡು ಒಬ್ಬ ಅಜ್ಜಿ ಉಪದೇಶಿಯನ್ನು ಕೇಳಿದರಂತೆ, ಮುಹಿಂಡಿಗಳಲ್ಲೂ ನಮ್ಮ ದೇವರ ಮಕ್ಕಳಿದ್ದಾರಾ ಎಂದು. ಬಿಳಿಯ ಮಿಷನರಿಗೆ ಸಿಗುವ ನಂಬಿಕೆ ನಮಗೆ ತಾನಾಗಿ ಸಿಗುವುದಿಲ್ಲ, ಅದಕ್ಕೆ ಬೇಸರಪಡಬೇಡಿ. ಕೂಲಿಯವನ ಜೊತೆ ಕೂತು ಉಣ್ಣುವ ಮುಹಿಂಡಿ ಅವರಿಗೆ ಹೊಸಬ. ನಿಧಾನಕ್ಕೆ ನಂಬುತ್ತಾರೆ, ನಂಬಿದ ಮೇಲೆ ಬಿಡುವುದಿಲ್ಲ.

ಭಾಷೆ: ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೇ

ಇಂಗ್ಲಿಷಿನಲ್ಲೇ ನಡೆಯುತ್ತದಲ್ಲ ಎಂದು ಕೆಲವರು ಹೇಳುತ್ತಾರೆ. ಆಫೀಸಿನಲ್ಲಿ ನಡೆಯುತ್ತದೆ, ಸಾಯುತ್ತಿರುವ ಅಜ್ಜನ ಮಂಚದ ಬಳಿ ನಡೆಯುವುದಿಲ್ಲ. ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ 21 ವರ್ಷ. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ನಾವು ನಿಘಂಟು ಬರೆಯಬೇಕಿಲ್ಲ. ಆದರೆ ದಿನಕ್ಕೆ ಎರಡು ಗಂಟೆ, ಆರು ತಿಂಗಳು, ಬೇರೆ ಎಲ್ಲ ಕೆಲಸ ಬದಿಗಿಟ್ಟು ಕಲಿಯುವಷ್ಟಾದರೂ ಮರ್ಯಾದೆ ಆ ಜನಕ್ಕೆ ಸಲ್ಲಬೇಕು.

ಕನ್ನಡಿಗರಿಗೆ ಸ್ವಾಹಿಲಿ ಹೆದರುವಂಥದ್ದಲ್ಲ. ನಮ್ಮಂತೆಯೇ ಒಂದು ಪದಕ್ಕೆ ತುಂಡುಗಳನ್ನು ಪೋಣಿಸುತ್ತಾ ಹೋಗುತ್ತಾರೆ, ಆದರೆ ನಾವು ಹಿಂದೆ ಪೋಣಿಸುವುದನ್ನು ಅವರು ಮುಂದೆ ಪೋಣಿಸುತ್ತಾರೆ. "ನಿತಾಕುಪಾ" ಎಂದರೆ ನಿನಗೆ ಕೊಡುತ್ತೇನೆ: ನಿ ಎಂದರೆ ನಾನು, ತಾ ಎಂದರೆ ಮುಂದೆ ಆಗುವುದು, ಕು ಎಂದರೆ ನಿನಗೆ, ಪಾ ಎಂದರೆ ಕೊಡು. ಬರೆದಂತೆ ಓದಬಹುದು. ಕಷ್ಟವಿರುವುದು ನಾಮಪದಗಳ ಗುಂಪುಗಳಲ್ಲಿ. ಪ್ರತಿ ಪದವೂ ಒಂದು ಗುಂಪಿಗೆ ಸೇರಿ ವಿಶೇಷಣ, ಕ್ರಿಯಾಪದಗಳನ್ನೆಲ್ಲ ತನ್ನಂತೆ ಬದಲಿಸುತ್ತದೆ. ಪದವನ್ನು ಯಾವತ್ತೂ ಒಂಟಿಯಾಗಿ ಕಲಿಯದೆ, ಏಕವಚನ ಬಹುವಚನ ಜೋಡಿಯಾಗಿ ಕಲಿಯಿರಿ: ಕಿತಾಬು, ವಿತಾಬು, ಪುಸ್ತಕ, ಪುಸ್ತಕಗಳು. ಗಾಡಿಗೆ "ಗಾರಿ", ಅಂಗಡಿಗೆ "ದುಕಾ", ದುಡ್ಡಿಗೆ "ಪೆಸಾ", ಬಣ್ಣಕ್ಕೆ "ರಂಗಿ", ಚಹಾಕ್ಕೆ "ಚಾಯ್". ಸಮುದ್ರ ವ್ಯಾಪಾರದ ಜೊತೆ ಸಾಗಿದ ಈ ಪದಗಳು ಮೊದಲ ದಿನವೇ ನಿಮ್ಮ ಕೈ ಹಿಡಿಯುತ್ತವೆ.

"ಪೋಲೆ" ಎಂಬ ಪದವನ್ನು ಮನಸ್ಸಿಟ್ಟು ಕಲಿಯಿರಿ. ಕಾಲು ಎಡವಿದವರಿಗೆ, ಜ್ವರ ಬಂದವರಿಗೆ, ಮಗ ಸತ್ತ ತಾಯಿಗೆ, ಎಲ್ಲರಿಗೂ ಹೇಳುವ ಮಾತು ಅದೇ. ನಿಮ್ಮ ನೋವು ನನಗೂ ತಾಗಿತು ಎಂಬ ಅರ್ಥ. ತಪ್ಪು ನಿಮ್ಮದಿರಬೇಕಿಲ್ಲ.

ಗಡಿಯಾರವೂ ಭಾಷೆಯೊಳಗೇ ಇದೆ. ಸಮಭಾಜಕದ ಪಕ್ಕದ ನಾಡಾದ್ದರಿಂದ ವರ್ಷವಿಡೀ ಹಗಲು ಇರುಳು ಹೆಚ್ಚುಕಡಿಮೆ ಸಮ. ಸೂರ್ಯ ಹುಟ್ಟಿದಲ್ಲಿಂದ ಎಣಿಕೆ ಶುರು: ನಮ್ಮ ಬೆಳಗಿನ ಏಳು ಗಂಟೆ ಅವರಿಗೆ "ಸಾ ಮೋಜಾ", ಒಂದು ಗಂಟೆ. ಒಂದು ಸಭೆ ಒಂಬತ್ತಕ್ಕೆ ಎಂದು ಸ್ವಾಹಿಲಿಯಲ್ಲಿ ಹೇಳಿದರೆ ಮಧ್ಯಾಹ್ನ ಮೂರಕ್ಕೆ ಹೋಗಬೇಕು. ಕೈಗಡಿಯಾರದ ಮುಳ್ಳಿಗೆ ಎದುರಿರುವ ಅಂಕಿಯನ್ನು ಓದಿ, ಸಿಗುತ್ತದೆ.

ಸ್ವಾಹಿಲಿ ದೇಶದ ಭಾಷೆ, ಒಲೆಯ ಮುಂದಿನ ಭಾಷೆ ಬೇರೆ. ನ್ಯೇರಿಯಲ್ಲಿ ಅದು ಕಿಕುಯು, ದನಿಯ ಏರಿಳಿತಕ್ಕೆ ಅರ್ಥ ಬದಲಾಗುವ ಭಾಷೆ. ನನಗೆ ಅದು ಪೂರ್ತಿ ಒಲಿಯಲಿಲ್ಲ. ನಮಸ್ಕಾರ, ಕೃತಜ್ಞತೆ, ಪರಲೋಕ ಪ್ರಾರ್ಥನೆ ಇಷ್ಟು ಕಲಿತೆ. ಅಷ್ಟಕ್ಕೇ ಅಜ್ಜಿಯಂದಿರು ನನ್ನ ಕೆನ್ನೆ ಹಿಡಿದು ನಕ್ಕರು.

ದಿನ ಹೇಗೆ ಸಾಗುತ್ತದೆ

ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ಪ್ರಾರ್ಥನೆ. ಇದನ್ನು ಬಿಟ್ಟ ವಾರಗಳಲ್ಲಿ ನಾನು ಜನರ ಮೇಲೆ ಸಿಡುಕಿದ್ದೇನೆ, ಲೆಕ್ಕ ಸರಿಯಾಗಿ ತಾಳೆಯಾಗುತ್ತದೆ. ಆರೂವರೆಗೆ ಪೂಜೆ. ಆಮೇಲೆ ನೀರು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತೇವಲ್ಲ, ಅದು ಗಂಡಸರಿಗೂ ಅನ್ವಯಿಸುವ ಮಾತು. ಮಳೆನೀರಿನ ಟ್ಯಾಂಕು ಬತ್ತಿದಾಗ ಹೊಳೆಯಿಂದ ಕ್ಯಾನಿನಲ್ಲಿ ತರಬೇಕು. ಅಲ್ಲಿ ಹೆಂಗಸರು ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಹೊರುತ್ತಾರೆ. ಗಂಡಸು, ಅದೂ ಮುಹಿಂಡಿ, ನೀರಿಗೆ ಬಂದದ್ದು ಸುದ್ದಿಯಾಯಿತು. ಆ ದಾರಿಯಲ್ಲೇ ನನಗೆ ಊರಿನ ಸಮಾಚಾರ ಸಿಕ್ಕಿದ್ದು: ಯಾರಿಗೆ ಕಾಯಿಲೆ, ಯಾರ ಮಗ ನೈರೋಬಿಯಿಂದ ದುಡ್ಡು ಕಳಿಸಿಲ್ಲ, ಯಾರ ಮನೆಯಲ್ಲಿ ರಾತ್ರಿ ಹೊಡೆದಾಟ.

ಬೆಳಿಗ್ಗೆ ಮಕ್ಕಳ ಪಾಠ, ಮಧ್ಯಾಹ್ನ ಮನೆ ಭೇಟಿ, ವಾರಕ್ಕೊಂದು ಸಂಜೆ ಜುಮುಯಿಯಾ. ಜುಮುಯಿಯಾ ಎಂದರೆ ಹತ್ತಿಪ್ಪತ್ತು ಮನೆಗಳ ಚಿಕ್ಕ ಕ್ರೈಸ್ತ ಸಮುದಾಯ. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು 1970ರ ದಶಕದಿಂದ ಬೆಳೆಸಿದ ಕ್ರಮವಿದು. ಒಬ್ಬರ ಮನೆಯಲ್ಲಿ ಸೇರಿ ಮುಂದಿನ ಭಾನುವಾರದ ಶುಭಸಂದೇಶ ಓದುತ್ತಾರೆ, ಒಬ್ಬೊಬ್ಬರೂ ತಮಗೆ ತಟ್ಟಿದ ಮಾತು ಹೇಳುತ್ತಾರೆ, ಆಮೇಲೆ ಯಾರಿಗೆ ಏನು ಕಷ್ಟ ಎಂದು ಕೇಳುತ್ತಾರೆ. ಅಲ್ಲಿ ನೀವು ಕೊನೆಗೆ ಮಾತಾಡಿ, ಚಿಕ್ಕದಾಗಿ ಮಾತಾಡಿ. ಕುಯ್ಯಲಾಗದೆ ಗಿಡದಲ್ಲೇ ಬಿಟ್ಟ ಕಾಫಿ ಹಣ್ಣಿನ ಸಂಗತಿಯನ್ನು ಒಬ್ಬಾಕೆ ಸುವಾರ್ತೆಯ ಕೊಯ್ಲಿನ ಮಾತಿಗೆ ಸೇರಿಸಿ ಹೇಳಿದ್ದು ನಾನು ಕೇಳಿದ ಯಾವ ಪ್ರವಚನಕ್ಕೂ ಕಡಿಮೆಯಿರಲಿಲ್ಲ.

ಕಾಫಿಯ ಮಾತು ಬಂದಿದ್ದರಿಂದ ಹೇಳುತ್ತೇನೆ: ಅದು ನಮಗೂ ಅವರಿಗೂ ಸೇತುವೆ. ಅಲ್ಲಿಯೂ ಅರೇಬಿಕಾ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ದೊಡ್ಡ ಕೊಯ್ಲು. ಆದರೆ ಹೆಚ್ಚಿನವರು ಸಣ್ಣ ಹಿಡುವಳಿದಾರರು, ಹಣ್ಣನ್ನು ತಲೆಹೊರೆಯಲ್ಲಿ ಸಹಕಾರ ಸಂಘದ ಪಲ್ಪಿಂಗ್ ಘಟಕಕ್ಕೆ ಒಯ್ಯುತ್ತಾರೆ. ಕೊಯ್ಲಿನ ತಿಂಗಳಲ್ಲಿ ಪೂಜೆಗೆ ಜನ ಕಡಿಮೆ, ಬಾಳೆಹೊನ್ನೂರಿನಲ್ಲಿ ಇದ್ದ ಹಾಗೇ. ದೂರಬೇಡಿ, ನೀವೂ ಬುಟ್ಟಿ ಕಟ್ಟಿಕೊಂಡು ಕುಯ್ಯಲು ಹೋಗಿ.

ಭಾನುವಾರದ ಪೂಜೆ ಎರಡು ಗಂಟೆಗೂ ಮೀರುತ್ತದೆ. ಕಾಣಿಕೆಯ ಹೊತ್ತಿಗೆ ಬಾಳೆಗೊನೆ, ಹೂಕೋಸು, ಜೀವಂತ ಕೋಳಿ ಹಿಡಿದು ಕುಣಿಯುತ್ತಾ ಪೀಠದವರೆಗೆ ಬರುತ್ತಾರೆ. ಗಡಿಯಾರ ನೋಡಬೇಡಿ.

ಊಟ

ಹಾಸನದವರಿಗೆ ದೇವರು ಇಲ್ಲಿ ಕರುಣೆ ತೋರಿದ್ದಾನೆ. ಉಗಾಲಿ ಎಂದರೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಕುದಿಯುವ ನೀರಿಗೆ ಹಿಟ್ಟು ಹಾಕಿ ಮರದ ಸೌಟಿನಿಂದ ತಿರುವುವುದು ಥೇಟ್ ನಮ್ಮ ಅವ್ವನ ಕೈಚಳಕ. ಒಂದೇ ಎಚ್ಚರ: ಮುದ್ದೆಯಂತೆ ನುಂಗಬಾರದು. ಚಿಕ್ಕ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರಲ್ಲಿ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ಎತ್ತಿಕೊಂಡು ಅಗಿದು ತಿನ್ನಬೇಕು. ಸುಕುಮಾ ವಿಕಿ ಅಂದರೆ ವಾರವನ್ನು ಮುಂದಕ್ಕೆ ತಳ್ಳುವುದು. ಕೈಯಲ್ಲಿ ಕಾಸಿಲ್ಲದ ದಿನಗಳನ್ನು ದೂಡುವ ಸೊಪ್ಪು. ಮುಸುಕಿನ ಜೋಳ, ಕಾಳು ಬೇಯಿಸಿದ ಗಿಥೇರಿ, ಆಲೂಗಡ್ಡೆ, ಸೊಪ್ಪು ಕಿವುಚಿದ ಮುಕಿಮೊ ದಿನದ ಊಟ. "ವಿಂಬಿ"ಯ ಗಂಜಿ ಕೊಟ್ಟಾಗ ಮೊದಲ ಗುಟುಕಿಗೇ ನನ್ನ ಕಣ್ಣು ತುಂಬಿತು, ಅದು ರಾಗಿ ಅಂಬಲಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದ ಧಾನ್ಯ. ಇದನ್ನು ಆ ಮನೆಯವರಿಗೆ ಹೇಳಿದೆ. ಅಂದಿನಿಂದ ಅವರಿಗೆ ನಾನು ಹೊರಗಿನವನಾಗಿ ಉಳಿಯಲಿಲ್ಲ.

ಬಡ ಮನೆಯಲ್ಲಿ ನಿಮಗಾಗಿ ಕೋಳಿ ಕುಯ್ದರೆ ಬೇಡ ಎನ್ನಬೇಡಿ. ಅವರ ಮಕ್ಕಳಿಗೆ ಕಡಿಮೆಯಾಗುತ್ತದೆ ಎಂದು ನನಗೂ ಸಂಕಟವಾಗುತ್ತಿತ್ತು. ಸ್ವಲ್ಪ ತಿಂದು, ತಟ್ಟೆಯಲ್ಲಿ ಉಳಿಸಿ ಮಕ್ಕಳನ್ನು ಪಕ್ಕಕ್ಕೆ ಕರೆದೆ. ಕೊಟ್ಟದ್ದನ್ನು ತೆಗೆದುಕೊಳ್ಳಲು ಬಾರದವರಿಂದ ಅವರೂ ಏನನ್ನೂ ತೆಗೆದುಕೊಳ್ಳುವುದಿಲ್ಲ.

ದುಡ್ಡು

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಜನವರಿಯಲ್ಲಿ ಅಲ್ಲಿ ಶಾಲಾ ವರ್ಷ ಶುರು, ಫೀಸಿನ ಚಿಂತೆ ಊರಿಗೆಲ್ಲ. ಚುರುಕಾದ ಒಬ್ಬ ಹುಡುಗನಿಗೆ ನಾನು ಯಾರಿಗೂ ಹೇಳದೆ ನನ್ನ ದುಡ್ಡಿನಿಂದ ಫೀಸು ಕಟ್ಟಿದೆ. ವಾರದೊಳಗೆ ಸುದ್ದಿ ಹಬ್ಬಿತು. ಎಂಟು ಮನೆಯವರು ಬಾಗಿಲಿಗೆ ಬಂದರು, ಕೊಡಲು ನನ್ನಲ್ಲಿ ಇರಲಿಲ್ಲ. ಜುಮುಯಿಯಾದಲ್ಲಿ ಜಗಳವಾಯಿತು. ಎಲ್ಲಕ್ಕಿಂತ ನೋವಾದದ್ದು, ಆ ಹುಡುಗನ ಅಪ್ಪ ನನ್ನ ಕಣ್ಣು ತಪ್ಪಿಸಿ ಓಡಾಡತೊಡಗಿದ. ಮಗನ ಫೀಸು ಕಟ್ಟಲಾಗದವನೆಂದು ಇಡೀ ಊರಿಗೆ ನಾನೇ ಸಾರಿದಂತಾಗಿತ್ತು.

ಆಮೇಲೆ ಪಾಲಿಸಿದ ಕ್ರಮವಿದು. ಯಾರಿಗೂ ಕೈಯಿಂದ ಕೈಗೆ ದುಡ್ಡು ಇಲ್ಲ, ಸಾಲವೂ ಇಲ್ಲ. ಏನೇ ಕೊಡುವುದಿದ್ದರೂ ಧರ್ಮಕೇಂದ್ರದ ಸಮಿತಿಯ ಮೂಲಕ, ಅವರೇ ಆರಿಸಿದವರಿಗೆ. ಅಲ್ಲಿ "ಹರಾಂಬೆ" ಎಂಬ ಪದ್ಧತಿಯಿದೆ, ಎಲ್ಲರೂ ಸೇರಿ ಒಬ್ಬರ ಆಸ್ಪತ್ರೆ ಖರ್ಚಿಗೋ ಶಾಲೆಗೋ ದುಡ್ಡು ಎತ್ತುವುದು. ಅದರಲ್ಲಿ ನೀವೂ ಎಲ್ಲರಷ್ಟೇ ಹಾಕಿ, ಹೆಚ್ಚು ಹಾಕಿ ಮೇಲೆ ಕೂರಬೇಡಿ. ದುಡ್ಡಿಗೂ ಪ್ರಾರ್ಥನೆಗೂ ಯಾವತ್ತೂ ಗಂಟು ಹಾಕಬೇಡಿ. ಸಹಾಯ ಬೇಕಾದವರು ನಮ್ಮ ಸಭೆಯವರೋ ಅಲ್ಲವೋ ಎಂದು ನೋಡುವುದು ಸುವಾರ್ತೆಗೆ ಮಾಡುವ ಅವಮಾನ.

ದಿನದ ಖರ್ಚಿಗೆ ಎಂ-ಪೆಸಾ. 2007ರಲ್ಲಿ, ನಮ್ಮ ಯುಪಿಐಗೆ ಎಷ್ಟೋ ವರ್ಷ ಮುಂಚೆ, ಅಲ್ಲಿ ಮಾಮೂಲಿ ಫೋನಿನಲ್ಲೇ ದುಡ್ಡು ಕಳಿಸುವುದು ಶುರುವಾಯಿತು. ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆದು ನೋಂದಾಯಿಸಿಕೊಳ್ಳಿ. ಪ್ರತಿ ಶನಿವಾರ ಲೆಕ್ಕ ಬರೆಯಿರಿ.

ಮಕ್ಕಳು ಮತ್ತು ಫೋಟೊ

ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ಇರಬೇಡಿ, ಒಂದು ನಿಮಿಷವೂ. ನಿಮ್ಮನ್ನು ಕಳಿಸುವವರ ಬಳಿ ಮಕ್ಕಳ ರಕ್ಷಣೆಯ ಲಿಖಿತ ನಿಯಮ ಇಲ್ಲದಿದ್ದರೆ ಕೇಳಿ ಮಾಡಿಸಿ. ಹರಿದ ಅಂಗಿಯ ಮಗುವನ್ನು ಎತ್ತಿಕೊಂಡು ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕುವ ಚಪಲ ಎಲ್ಲರಿಗೂ ಬರುತ್ತದೆ. ಬೇಲೂರಿಗೆ ಬಂದ ವಿದೇಶಿಯೊಬ್ಬ ನಿಮ್ಮ ತಂಗಿಯನ್ನು ಕೇಳದೆ ಹಾಗೆ ತೆಗೆದು ತನ್ನ ಊರಿಗೆ ಕಳಿಸಿದರೆ ನಿಮಗೆ ಹೇಗಾಗುತ್ತಿತ್ತು? ಅಪ್ಪ ಅಮ್ಮನನ್ನು ಕೇಳಿ, ಒಳ್ಳೆಯ ಬಟ್ಟೆ ಹಾಕಿಕೊಂಡಾಗ ತೆಗೆಯಿರಿ, ಮುದ್ರಿಸಿ ಅವರಿಗೇ ಒಂದು ಪ್ರತಿ ಕೊಡಿ.

ಮೈ, ಮನಸ್ಸು

ಎತ್ತರದ ನ್ಯೇರಿಯಲ್ಲಿ ಮಲೇರಿಯಾ ಕಡಿಮೆ, ಕರಾವಳಿ ಮತ್ತು ವಿಕ್ಟೋರಿಯಾ ಸರೋವರದ ಕಡೆ ಹೆಚ್ಚು. ಅಲ್ಲಿನದು ಹೆಚ್ಚಾಗಿ ಫಾಲ್ಸಿಪಾರಂ ಎಂಬ ಅಪಾಯದ ಬಗೆ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಬೇಕು. ಸೊಳ್ಳೆಪರದೆ ಎಲ್ಲಿಗೆ ಹೋದರೂ ಜೊತೆಗಿರಲಿ. ಮಣ್ಣಿನ ನೆಲದ ಮನೆಗಳಲ್ಲಿ "ಫುಂಜಾ" ಎಂಬ ಸಣ್ಣ ಚಿಗಟ ಕಾಲ್ಬೆರಳಿನ ಚರ್ಮದೊಳಗೆ ಸೇರಿ ಮೊಟ್ಟೆಯಿಡುತ್ತದೆ. ಬರಿಗಾಲಿನಲ್ಲಿ ನಡೆಯಬೇಡಿ, ರಾತ್ರಿ ಬೆರಳು ನೋಡಿಕೊಳ್ಳಿ, ಸೇರಿದ್ದರೆ ದವಾಖಾನೆಯಲ್ಲೇ ತೆಗೆಸಿ.

ಮನಸ್ಸಿನ ಮಾತು ಹೆಚ್ಚು ಕಷ್ಟ. ಮೊದಲ ಎರಡು ತಿಂಗಳು ಹೊಸತನದ ಹುರುಪಿನಲ್ಲಿ ಕಳೆಯುತ್ತದೆ. ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ ಮಳೆ ಹಿಡಿದುಕೊಂಡು, ಕರೆಂಟು ಹೋಗಿ, ಇಡೀ ದಿನ ಯಾರೂ ನಿಮ್ಮ ಹೆಸರನ್ನು ಸರಿಯಾಗಿ ಕರೆದಿರುವುದಿಲ್ಲ. ಆಗ ಅಳು ಬಂದರೆ ಅತ್ತುಬಿಡಿ. ಪ್ರತಿ ರಾತ್ರಿ ಕನ್ನಡ ಬೈಬಲಿನ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಬೇರೆ ಭಾಷೆಯಲ್ಲಿ ತೊದಲುತ್ತಾ ದಿನ ಕಳೆದ ನಾಲಿಗೆಗೆ ಅದೇ ತವರು. ಮನೆಗೆ ದಿನವೂ ಫೋನ್ ಮಾಡಬೇಡಿ, ವಾರಕ್ಕೆ ಒಂದು ದಿನ ಗೊತ್ತುಮಾಡಿ. ನಾವು ಅವರಿಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಏಳಾದರೆ ಇಲ್ಲಿ ಒಂಬತ್ತೂವರೆ, ಅಜ್ಜಿ ಮಲಗಿರುತ್ತಾಳೆ. ನಾನು ಮಧ್ಯಾಹ್ನ ಮೂರಕ್ಕೆ ಮಾಡುತ್ತಿದ್ದೆ. ಎರಡು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಮೇಲಿನವರಿಗೆ ಬಾಯಿಬಿಟ್ಟು ಹೇಳಿ. ಅರ್ಧಕ್ಕೆ ಮರಳಿದರೆ ಅದು ಸೋಲಲ್ಲ.

ನನಗೆ ಆಸರೆಯಾದವರು ಸಿಸ್ಟರ್ ಇರೇನೆ ಸ್ತೆಫಾನಿ. ಇಟಲಿಯಿಂದ 1915ರಲ್ಲಿ ಬಂದು, ನ್ಯೇರಿ ಕಡೆಯ ಗಿಕೊಂಡಿಯಲ್ಲಿ ವರ್ಷಗಟ್ಟಲೆ ಮನೆ ಮನೆ ನಡೆದು, ರೋಗಿಯೊಬ್ಬರ ಆರೈಕೆ ಮಾಡುತ್ತಾ ಪ್ಲೇಗ್ ತಗುಲಿ 1930ರಲ್ಲಿ 39ನೇ ವಯಸ್ಸಿಗೆ ತೀರಿಕೊಂಡರು. ಜನ ಅವರನ್ನು ನ್ಯಾಥಾ, ಕರುಣೆಯ ತಾಯಿ, ಎಂದು ಕರೆದರು. 2015ರಲ್ಲಿ ನ್ಯೇರಿಯಲ್ಲೇ ಅವರನ್ನು ಧನ್ಯರೆಂದು ಘೋಷಿಸಲಾಯಿತು. ಅಬ್ಬೆ ದುಬಾ ಅವರಿಗೆ ಸಾತಳ್ಳಿಯವರು ಕೊಟ್ಟ ಹೆಸರಿನಂತೆ ಇದೂ ಜನರೇ ಕೊಟ್ಟ ಹೆಸರು.

ಮರಳುವಾಗ

ಕೊನೆಯ ತಿಂಗಳು ಹೊಸ ಕೆಲಸ ಹಿಡಿಯಬೇಡಿ. ಪ್ರತಿ ಮನೆಗೂ ಹೋಗಿ ಹೇಳಿ ಬನ್ನಿ. ಮತ್ತೆ ಬರುತ್ತೇನೆ ಎಂದು ಆಣೆ ಇಡಬೇಡಿ. ಮಕ್ಕಳು ಅದನ್ನು ನಂಬಿ ದಿನ ಎಣಿಸುತ್ತಾರೆ. ಊರಿಗೆ ಬಂದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ ಹಾಸನದ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು "ನಾನು ಆಫ್ರಿಕಾದಲ್ಲಿದ್ದೆ" ಎಂಬುದು. ಅವರು ವೈರಲ್ ಜ್ವರವೆಂದು ಮಾತ್ರೆ ಕೊಟ್ಟು ಕಳಿಸದಿರಲಿ.

ಹೊರಡುವ ಮುನ್ನ ನಿಮ್ಮ ನಂತರ ಬರುವವರಿಗೆ ಒಂದು ನೋಟ್‌ಬುಕ್ ಬರೆದಿಟ್ಟು ಬನ್ನಿ. ಯಾವ ಹೊಳೆಯ ನೀರು ಕುದಿಸದೆ ಕುಡಿಯಬಾರದು, ಯಾವ ಅಜ್ಜನಿಗೆ ಕಿವಿ ಕೇಳುವುದಿಲ್ಲ, ಯಾವ ಮನೆಗಳ ನಡುವೆ ಹಳೆ ಮನಸ್ತಾಪವಿದೆ, ಮಕ್ಕಳ ಹೆಸರು ಯಾವುವು, ಯಾರ ಹೊಲದಲ್ಲಿ ಯಾವಾಗ ಕಳೆ ತೆಗೆಯಲು ಕೈ ಬೇಕು. ಕೊನೆಯ ಪುಟದಲ್ಲಿ ನೀವು ಕೊಟ್ಟು ತೀರಿಸದೆ ಉಳಿದ ಮಾತುಗಳನ್ನು ಬರೆಯಿರಿ. ನನ್ನದರಲ್ಲಿ ಎರಡಿದ್ದವು: ಒಬ್ಬ ಹುಡುಗಿಗೆ ಭಾಗಾಕಾರ ಇನ್ನೂ ಬಂದಿಲ್ಲ, ಉಪದೇಶಿಯ ಗುದ್ದಲಿಯ ಕಾವು ನನ್ನ ಕೈಯಲ್ಲಿ ಮುರಿದಿದೆ, ಹೊಸದು ಹಾಕಿಸಬೇಕು.